ಓಡಲು ದಾರಿಯುಂಟು, ನಿಲ್ಲಲು ಜಾಗವೆಲ್ಲಿ?

ಸುಗ್ಗಿ ಮುಗಿದು ಜಾತ್ರೆಗಳ ಸಾಲು ಶುರುವಾಯಿತೆಂದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ತೀರದ ಊರುಗಳಲ್ಲಿ ಶರ್ಯತ್ತಿನ ಮಾತು ಏಳುತ್ತದೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ಕಡೆಯ ಚಹಾದಂಗಡಿಗಳ ಗೋಡೆಗೆ ಬಹುಮಾನದ ಪಟ್ಟಿ ಹತ್ತುತ್ತದೆ: ಜೋಡೆತ್ತಿನ ಗಾಡಿಗೆ ಇಷ್ಟು, ಜೋಡು ಕುದುರೆ ಗಾಡಿಗೆ ಇಷ್ಟು, ಒಂದು ಕುದುರೆ-ಒಂದು ಎತ್ತಿನ ಗಾಡಿಗೆ ಇಷ್ಟು. ಆ ದಿನ ಹಾದಿಯ ಎರಡೂ ಬದಿಗೆ ಜನ ತುಂಬಿರುತ್ತಾರೆ. ನಿಶಾನೆ ಬಿದ್ದೊಡನೆ ಗಾಡಿಗಳು ಕಿತ್ತು ಹೊರಡುತ್ತವೆ, ಅವುಗಳ ಬೆನ್ನಿಗೆ ಹಾರ್ನ್ ಒತ್ತುತ್ತ, ಶಿಳ್ಳೆ ಹಾಕುತ್ತ ಬೈಕುಗಳ ಹಿಂಡು. ಮುಂದೆ ಕಾಣಬೇಕೆಂದು ಜನ ಒಂದೊಂದೇ ಹೆಜ್ಜೆ ಒಳಗೆ ಸರಿದಂತೆ ಓಟದ ಹಾದಿ ಸಣ್ಣದಾಗುತ್ತ ಹೋಗುತ್ತದೆ. ಗಾಡಿ ತೀರ ಹತ್ತಿರ ಬಂದಾಗಷ್ಟೇ ಜನಸಾಗರ ಎರಡಾಗಿ ಸೀಳಿ ದಾರಿ ಬಿಡುತ್ತದೆ. ಬಿಡದಿದ್ದರೆ?

ಆ ಪ್ರಶ್ನೆಗೆ ಉತ್ತರ ಎತ್ತಿನ ಕೈಯಲ್ಲಾಗಲಿ, ಗಾಡಿ ಹೊಡೆಯುವವನ ಕೈಯಲ್ಲಾಗಲಿ ಇಲ್ಲ. ಅದು ನೆಲದಲ್ಲಿರಬೇಕಾದ ಉತ್ತರ. ಮೋಟಾರ್ ರೇಸಿನ ಲೋಕ ಈ ಪಾಠವನ್ನು ಹೆಣಗಳ ಲೆಕ್ಕದಲ್ಲಿ ಕಲಿತು, ನೂರಕ್ಕೂ ಹೆಚ್ಚು ವರ್ಷಗಳಿಂದ ಅಂಗಣಗಳನ್ನು ಕಟ್ಟುತ್ತ ಬಂದಿದೆ. ಟಿವಿಯಲ್ಲಿ ಫಾರ್ಮುಲಾ ಒನ್ ನೋಡುವವರಿಗೆ ಆ ಅಂಕುಡೊಂಕು ಟ್ರ್ಯಾಕು ವೇಗಕ್ಕಾಗಿ ಮಾಡಿದ್ದೆಂದು ಅನಿಸುವುದು ಸಹಜ. ವೇಗಕ್ಕೆ ಒಂದು ನೇರ ರಸ್ತೆ ಸಾಕು. ಟ್ರ್ಯಾಕಿನ ಖರ್ಚೆಲ್ಲ, ಜಾಣ್ಮೆಯೆಲ್ಲ ಸುರಿದಿರುವುದು ಮನುಷ್ಯ ತಪ್ಪಿದಾಗ ಏನಾಗಬೇಕು ಎಂಬುದರ ಮೇಲೆ. ಓಟದ ಹುಚ್ಚು ಇಷ್ಟಿರುವ ನಮ್ಮ ಗಡಿಭಾಗಕ್ಕೆ ಅಂಥ ಒಂದು ಸಣ್ಣ ಅಂಗಣ ಬೇಕು, ಎತ್ತಿನ ಶರ್ಯತ್ತಿಗೂ ಅದರ ಶಿಸ್ತು ಬೇಕು ಎಂಬುದು ಈ ಲೇಖನದ ವಾದ.

ರಸ್ತೆಯಿಂದ ಅಂಗಣಕ್ಕೆ

ಮೊದಮೊದಲು ಕಾರುಗಳೂ ಊರಿಂದೂರಿಗೆ ಓಡುತ್ತಿದ್ದವು. 1903ರ ಮೇ ತಿಂಗಳಲ್ಲಿ ಪ್ಯಾರಿಸ್‌ನಿಂದ ಮ್ಯಾಡ್ರಿಡ್‌ಗೆ ಹೊರಟ ರೇಸು ಬೋರ್ಡೋ ಊರಿನಲ್ಲೇ ನಿಂತುಹೋಯಿತು. ಮಣ್ಣುರಸ್ತೆ, ಕಣ್ಣು ಕಾಣದಷ್ಟು ಧೂಳು, ದಾರಿಯೊಳಕ್ಕೇ ನುಗ್ಗಿ ನಿಂತ ಜನ. ಸತ್ತವರಲ್ಲಿ ರೆನೊ ಕಾರು ಕಂಪನಿಯ ಸೋದರರಲ್ಲೊಬ್ಬರಾದ ಮಾರ್ಸೆಲ್ ರೆನೊ ಇದ್ದರು, ನೋಡಲು ಬಂದವರೂ ಇದ್ದರು. ಫ್ರಾನ್ಸ್ ಸರಕಾರ ಮುಂದಿನ ಓಟವನ್ನು ತಡೆಯಿತು. ಅದೇ ವರ್ಷ ಬ್ರಿಟನ್ ತನ್ನ ರಸ್ತೆಗಳಿಗೆ ಗಂಟೆಗೆ 20 ಮೈಲಿಯ ಮಿತಿ ಹಾಕಿತು. ರಸ್ತೆಯಲ್ಲಿ ಓಡಿಸಲಾಗದು, ಆದರೆ ಕಾರುಗಳನ್ನು ಪರೀಕ್ಷಿಸಬೇಕು, ಸ್ಪರ್ಧಿಸಬೇಕು ಎಂಬ ಇಕ್ಕಟ್ಟಿನಿಂದ ಹುಟ್ಟಿದ್ದು ಲಂಡನ್ ಹೊರವಲಯದ ಬ್ರೂಕ್‌ಲ್ಯಾಂಡ್ಸ್. 1907ರಲ್ಲಿ ತೆರೆದ ಈ ಕಾಂಕ್ರೀಟ್ ಟ್ರ್ಯಾಕು ಮೋಟಾರ್ ರೇಸಿಗೆಂದೇ ಕಟ್ಟಿದ ಜಗತ್ತಿನ ಮೊದಲ ಅಂಗಣ. ಉದ್ದ ಸುಮಾರು 4.4 ಕಿ.ಮೀ. ತಿರುವುಗಳಲ್ಲಿ ಹೊರ ಅಂಚನ್ನು ಗೋಡೆಯಂತೆ ಸುಮಾರು 9 ಮೀಟರ್ ಎತ್ತರಿಸಿದ್ದರು. ರಸ್ತೆಯ ಮೇಲೆ ಕಾನೂನು ಬಿಗಿಯಾದಾಗ ಅಂಗಣ ಹುಟ್ಟಿತು ಎಂಬುದನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ನಮ್ಮಲ್ಲಿ ಬಿಗಿಯಾದ ಕಾನೂನಷ್ಟೇ ಬಂದಿದೆ. ಸರಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಜಾಗದಲ್ಲಿ ಮೋಟಾರು ವಾಹನಗಳ ಪಂದ್ಯ ನಡೆಸುವುದು 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. 2019ರ ತಿದ್ದುಪಡಿ ದಂಡವನ್ನು 5,000 ರೂಪಾಯಿಗೆ, ಸೆರೆವಾಸವನ್ನು ಮೂರು ತಿಂಗಳವರೆಗೆ ಏರಿಸಿತು. ಎರಡನೇ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ, ಒಂದು ವರ್ಷದವರೆಗೆ ಜೈಲು. ಇಲ್ಲಿ ಓಡಿಸಬೇಡ ಎಂದು ಹೇಳಿದ ಕಾನೂನು ಎಲ್ಲಿ ಓಡಿಸಬೇಕೆಂದು ಹೇಳಲಿಲ್ಲ.

ಅಂಗಣ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ಸ್ ಟ್ರ್ಯಾಕಿನಲ್ಲಿ, ಕಾರುಗಳು ಇಂಧನ, ದುರಸ್ತಿಗೆ ನಿಲ್ಲುವ ಪಿಟ್‌ ಎದುರಿನ ಇಕ್ಕಟ್ಟಾದ ಜಾಗದಲ್ಲಿ ಎರಡು ಕಾರು ತಾಗಿ, ಒಂದು ಮಣ್ಣಿನ ದಿಬ್ಬ ಹತ್ತಿ ಜನರ ಮೇಲೆ ಚೂರುಚೂರಾಗಿ ಬಿತ್ತು. 80ಕ್ಕೂ ಹೆಚ್ಚು ಮಂದಿ ಸತ್ತರು. ಸ್ವಿಟ್ಜರ್ಲೆಂಡ್ ಸರ್ಕ್ಯೂಟ್ ರೇಸುಗಳನ್ನೇ ನಿಷೇಧಿಸಿತು. ಪ್ರೇಕ್ಷಕನಿಗೂ ಓಟಕ್ಕೂ ನಡುವೆ ಎಷ್ಟು ಅಂತರವಿರಬೇಕು, ಏನು ತಡೆಯಿರಬೇಕು ಎಂಬುದು ಆಮೇಲೆ ಜಗತ್ತಿನಾದ್ಯಂತ ವಿನ್ಯಾಸದ ಮೊದಲ ಪ್ರಶ್ನೆಯಾಯಿತು.

ಟ್ರ್ಯಾಕನ್ನು ಓದುವ ಬಗೆ

ಉದಾಹರಣೆಗೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕನ್ನು ತೆಗೆದುಕೊಳ್ಳೋಣ. ಬೆಂಗಳೂರು–ಚೆನ್ನೈ ಹೆದ್ದಾರಿಯ ಮಗ್ಗುಲಲ್ಲಿ, ಶ್ರೀಪೆರಂಬದೂರಿನ ಬಳಿ ಇರುವ ಇದನ್ನು ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುತ್ತದೆ. 1953ರಲ್ಲಿ ಹುಟ್ಟಿದ ಈ ಕ್ಲಬ್ಬು ದಶಕಗಳ ಕಾಲ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯಲ್ಲಿ ರೇಸು ನಡೆಸಿತು. ವಿಮಾನದ ಓಡುದಾರಿಯಲ್ಲಿ ಎಷ್ಟೇ ಉಮೇದು ಇದ್ದರೂ ಪ್ರೇಕ್ಷಕರನ್ನು ಹಿಡಿದಿಡುವುದು ಕಷ್ಟ, ಜಾಗವೂ ತಮ್ಮದಲ್ಲ. ಕೊನೆಗೆ ಕ್ಲಬ್ಬು ಸ್ವಂತ ನೆಲ ಮಾಡಿಕೊಂಡು 1990ರಲ್ಲಿ ಹೊಸ ಟ್ರ್ಯಾಕು ತೆರೆಯಿತು. ಒಂದು ಸುತ್ತು 3.717 ಕಿ.ಮೀ., ತಿರುವುಗಳು 12. ಓಟಗಾರರು ಅವುಗಳನ್ನು ಸಿ1, ಸಿ2 ಎಂದು ಸಂಖ್ಯೆ ಹಿಡಿದೇ ಕರೆಯುತ್ತಾರೆ.

ಟ್ರ್ಯಾಕಿನ ನಕಾಶೆಯನ್ನು ನೋಡುವಾಗ ಮೊದಲು ಕಣ್ಣಿಗೆ ಬೀಳುವುದು ನೇರ ಭಾಗ. ಕಾರು, ಬೈಕು ತನ್ನ ಪೂರ್ಣ ವೇಗ ಮುಟ್ಟುವುದು ಅಲ್ಲಿ. ಅಂತರರಾಷ್ಟ್ರೀಯ ವಾಹನ ಒಕ್ಕೂಟವಾದ ಎಫ್ಐಎ, ಒಂದೇ ನೇರ ಭಾಗ 2 ಕಿ.ಮೀ. ಮೀರಬಾರದೆಂದೂ ಹೊಸ ಟ್ರ್ಯಾಕಿನ ಅಗಲ 12 ಮೀಟರಿಗೆ ಕಡಿಮೆಯಿರಬಾರದೆಂದೂ ಹೇಳುತ್ತದೆ. ಆದರೆ ಪಂದ್ಯ ತೀರ್ಮಾನವಾಗುವುದು ನೇರದ ತುದಿಯಲ್ಲಿ, ಬ್ರೇಕು ಹಾಕುವ ಗಳಿಗೆಯಲ್ಲಿ. ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಒಣ ಡಾಂಬರಿನ ಮೇಲೆ 60 ಕಿ.ಮೀ. ವೇಗದ ಬೈಕು ಬ್ರೇಕು ಹಿಡಿದ ಮೇಲೆ ಸುಮಾರು 18 ಮೀಟರಿನಲ್ಲಿ ನಿಂತರೆ, 120ರ ವೇಗದಲ್ಲಿ ಅದಕ್ಕೆ 70 ಮೀಟರ್ ಬೇಕು. ಸವಾರನ ಕಣ್ಣು ಕಂಡು, ಕೈ ಒತ್ತುವಷ್ಟರಲ್ಲಿ ಕಳೆದುಹೋಗುವ ದೂರ ಬೇರೆ. ಹೆದ್ದಾರಿಯಲ್ಲಿ ಈ 70 ಮೀಟರಿನೊಳಗೆ ಕಬ್ಬಿನ ಟ್ರ್ಯಾಕ್ಟರ್ ಇರುತ್ತದೆ, ಅದರ ಹಿಂದೆ ದೀಪವಿಲ್ಲದ ಎರಡು ಟ್ರೇಲರ್‌ಗಳಿರುತ್ತವೆ. ಟ್ರ್ಯಾಕಿನಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ.

ಹಾಗೆ ಖಾಲಿ ಬಿಟ್ಟ ಬಯಲಿಗೆ ರನ್-ಆಫ್ ಎನ್ನುತ್ತಾರೆ. ತಿರುವಿನ ಹೊರಮಗ್ಗುಲಿಗೆ, ವಾಹನ ಹತೋಟಿ ತಪ್ಪಿದರೆ ಯಾವ ದಿಕ್ಕಿಗೆ ಹಾರುವುದೋ ಆ ದಿಕ್ಕಿಗೆ ಇದು ಹರಡಿರುತ್ತದೆ. ಕೆಲವೆಡೆ ಸಡಿಲ ಹರಳು ಸುರಿದ ತಗ್ಗು. ಚಕ್ರ ಅದರಲ್ಲಿ ಹೂತು ವೇಗ ಕಳೆದುಕೊಳ್ಳುತ್ತದೆ. ಅದರಾಚೆ ಟೈರುಗಳನ್ನು ಕಟ್ಟಿ ಪೇರಿಸಿದ ತಡೆ, ಕಬ್ಬಿಣದ ಪಟ್ಟಿ, ಬೇಲಿ, ಇಷ್ಟೆಲ್ಲ ಆದ ಮೇಲೆ ಪ್ರೇಕ್ಷಕ. ಬಿದ್ದವನ ತಪ್ಪಿಗೆ ನೋಡುವವನು ಬೆಲೆ ತೆರಬಾರದು ಎಂಬ ನಿಯಮ ಹೀಗೆ ಮಣ್ಣು, ಹರಳು, ಕಬ್ಬಿಣಗಳಲ್ಲಿ ಬರೆದಿರುತ್ತದೆ. ತಿರುವು ಎಷ್ಟು ಬಿಗಿ ಎಂಬುದೂ ಲೆಕ್ಕದ ಮಾತೇ. 50 ಮೀಟರ್ ತ್ರಿಜ್ಯದ ಸಮತಟ್ಟು ತಿರುವಿನಲ್ಲಿ ಒಳ್ಳೆಯ ಹಿಡಿತದ ಟೈರು ಕೂಡ ಗಂಟೆಗೆ 80 ಕಿ.ಮೀ. ಆಸುಪಾಸಿಗಿಂತ ಹೆಚ್ಚು ತಡೆಯದು. ಅದಕ್ಕೇ ಓಟಗಾರರು ತಿರುವಿಗೆ ಹೊರ ಅಂಚಿನಿಂದ ಇಳಿದು, ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಸರಿಯುತ್ತಾರೆ. ಆಗ ಅವರು ಸಾಗುವ ಗೆರೆಯ ತ್ರಿಜ್ಯ ರಸ್ತೆಯದ್ದಕ್ಕಿಂತ ದೊಡ್ಡದಾಗುತ್ತದೆ, ಅದೇ ಹಿಡಿತದಲ್ಲಿ ಹೆಚ್ಚು ವೇಗ ದಕ್ಕುತ್ತದೆ. ಎದುರಿನಿಂದ ಯಾರೂ ಬರುವುದಿಲ್ಲವೆಂಬ ಖಾತ್ರಿ ಇರುವಲ್ಲಿ ಮಾತ್ರ ಈ ವಿದ್ಯೆ. ಘಾಟಿನ ತಿರುವಿನಲ್ಲಿ ಇದನ್ನು ಮಾಡಹೋದವನಿಗೆ ಎದುರಾಗುವುದು ಬಸ್ಸು.

ಪ್ರೇಕ್ಷಕರು ಗಮನಿಸದ ಇನ್ನೊಂದು ಅಂಗವೆಂದರೆ ಮಾರ್ಷಲ್‌ಗಳ ಠಾಣೆ. ಟ್ರ್ಯಾಕಿನುದ್ದಕ್ಕೂ 500 ಮೀಟರಿಗಿಂತ ಹೆಚ್ಚು ಅಂತರವಿಲ್ಲದಂತೆ, ಒಂದು ಠಾಣೆಯಿಂದ ಮುಂದಿನದು ಕಾಣುವಂತೆ ಇವನ್ನು ಇಡುತ್ತಾರೆ. ಹಳದಿ ಬಾವುಟ ಬೀಸಿದರೆ ಮುಂದೆ ಅಪಾಯವಿದೆ, ನಿಧಾನಿಸು, ಯಾರನ್ನೂ ದಾಟಬೇಡ ಎಂದರ್ಥ. ಕೆಂಪು ಬಾವುಟಕ್ಕೆ ಇಡೀ ಓಟವೇ ನಿಲ್ಲಬೇಕು. ಆಂಬುಲೆನ್ಸ್ ಬಾರದೆ ರೇಸು ಶುರುವಾಗುವುದಿಲ್ಲ. ಅದು ಗಾಯಾಳುವನ್ನು ಹೊತ್ತು ಹೊರಗೆ ಹೋದರೆ ಬದಲಿ ಬರುವತನಕ ಎಲ್ಲರೂ ಕಾಯಬೇಕು. ಕೋಟಿ ಬೆಲೆಯ ಕಾರಿಗಿಂತ ಈ ಬಾವುಟದ ವ್ಯವಸ್ಥೆ ಹೆಚ್ಚು ಮುಖ್ಯ, ಇದಕ್ಕೆ ದುಡ್ಡೂ ಹೆಚ್ಚು ಬೇಕಿಲ್ಲ.

ದೊಡ್ಡದು ಮಾಡಿದವರ ಕತೆ

ಟ್ರ್ಯಾಕು ಬೇಕು ಎಂದಾಕ್ಷಣ ಮನಸ್ಸಿಗೆ ಬರುವುದು ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಜರ್ಮನಿಯ ಹರ್ಮನ್ ಟಿಲ್ಕೆ ರೂಪಿಸಿದ, 5.125 ಕಿ.ಮೀ. ಉದ್ದದ ಈ ಟ್ರ್ಯಾಕು ವಿನ್ಯಾಸದಲ್ಲಿ ಸೊಗಸಾದದ್ದು. ದಿಬ್ಬ ಹತ್ತಿಸಿ ಇಳಿಸುವ ಏರಿಳಿತ, ಒಂದು ಕಿ.ಮೀ. ದಾಟುವ ನೇರ ಭಾಗ, ಎಲ್ಲವೂ ಉಂಟು. ಫಾರ್ಮುಲಾ ಒನ್ ಮಾತ್ರ ಇಲ್ಲಿ ನಡೆದದ್ದು 2011, 2012, 2013ರಲ್ಲಿ, ಮೂರೇ ಸಲ. ಮೂರನ್ನೂ ಸೆಬಾಸ್ಟಿಯನ್ ವೆಟಲ್ ಗೆದ್ದರು. ತೆರಿಗೆಯ ತಕರಾರು ಕೋರ್ಟು ಹತ್ತಿತು, ರೇಸು ಮರಳಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಮೋಟೋಜಿಪಿ ಬೈಕುಗಳು ಬಂದುಹೋದವು. ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ 2023ರ ಫೆಬ್ರುವರಿಯಲ್ಲಿ ನಡೆದ ವಿದ್ಯುತ್ ಕಾರುಗಳ ಫಾರ್ಮುಲಾ ಇ ಮಾರನೆಯ ವರ್ಷವೇ ರದ್ದಾಯಿತು. ನಡುವೆ ರಾಜ್ಯದಲ್ಲಿ ಸರಕಾರ ಬದಲಾಗಿತ್ತು. ಹೊರಗಿನವರನ್ನು ಕರೆಸಿ ಮೆರೆಸುವ ಜಾತ್ರೆಗೆ ಕಟ್ಟಿದ ಅಂಗಣ ಅತಿಥಿ ಬಾರದ ವರ್ಷ ಪಾಳು ಬೀಳುತ್ತದೆ.

ಇದಕ್ಕೆ ಎದುರು ಕೊಯಮತ್ತೂರನ್ನು ನೋಡಿ. ರೇಸಿಂಗ್ ಕಾರುಗಳನ್ನು ಸ್ವತಃ ಕಟ್ಟುತ್ತಿದ್ದ ಎಸ್. ಕರಿವರ್ಧನ್ ಅವರ ಹೆಸರಿನ ಕರಿ ಮೋಟಾರ್ ಸ್ಪೀಡ್‌ವೇ ಚೆಟ್ಟಿಪಾಳ್ಯಂನಲ್ಲಿ 2003ರಲ್ಲಿ ಆರಂಭವಾಯಿತು. ಉದ್ದ ಎರಡು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಫಾರ್ಮುಲಾ ಒನ್ ಇಲ್ಲಿಗೆ ಎಂದೂ ಬಾರದು. ಆದರೆ ದೇಶದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳು ವರ್ಷವರ್ಷವೂ ಇಲ್ಲೂ ಇರುಂಗಾಟ್ಟುಕೋಟ್ಟೈಯಲ್ಲೂ ನಡೆಯುತ್ತವೆ. ನಮ್ಮ ಗಡಿಗೆ ಇನ್ನೂ ಹತ್ತಿರದ ನಿದರ್ಶನ ಕೊಲ್ಹಾಪುರ. ನಿಪ್ಪಾಣಿಯಿಂದ ಸುಮಾರು 40 ಕಿ.ಮೀ. ದೂರದ ಆ ಊರಿನಲ್ಲಿ ಮೋಹಿತೆ ರೇಸಿಂಗ್ ಅಕಾಡೆಮಿಯ ಗೋ-ಕಾರ್ಟ್ ಟ್ರ್ಯಾಕು ಇದೆ; ರಾಷ್ಟ್ರೀಯ ಕಾರ್ಟಿಂಗ್ ಚಾಂಪಿಯನ್‌ಷಿಪ್ಪಿನ ಸುತ್ತುಗಳು ಅಲ್ಲಿ ನಡೆದಿವೆ. ಕುಸ್ತಿಯ ತಾಲೀಮಿಗೆ ಹೆಸರಾದ ಊರು ಎಂಜಿನ್ನಿಗೂ ಒಂದು ಅಖಾಡ ಮಾಡಿಕೊಂಡಿದೆ. ಕರ್ನಾಟಕದಲ್ಲೂ ಸಣ್ಣ ಅಂಗಣಗಳು ಬೆಂಗಳೂರಿನ ಆಸುಪಾಸು ಇವೆ. ಡಕಾರ್ ರ್‍ಯಾಲಿಯನ್ನು 2015ರಲ್ಲಿ ಪೂರೈಸಿದ ಮೊದಲ ಭಾರತೀಯ ಬೈಕ್ ಸವಾರ ಸಿ.ಎಸ್. ಸಂತೋಷ್ ಕೋಲಾರದ ಕಡೆ ಮಣ್ಣಿನ ಟ್ರ್ಯಾಕು ಕಟ್ಟಿ ಹುಡುಗರಿಗೆ ಕಲಿಸುವ ಕೆಲಸಕ್ಕೆ ಇಳಿದರು. ಎಲ್ಲವೂ ರಾಜ್ಯದ ಆ ತುದಿಗೆ. ಅಥಣಿಯ ಹುಡುಗನಿಗೆ ಅವು ಒಂದು ರಾತ್ರಿಯ ಪ್ರಯಾಣ.

ಎತ್ತಿನ ಓಟಕ್ಕೆ ಯಂತ್ರದ ನಿಯಮ ಏಕೆ?

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಶರ್ಯತ್ತು ನಮ್ಮ ಪರಂಪರೆ, ಅದಕ್ಕೂ ಕಾರಿನ ರೇಸಿಗೂ ಎಲ್ಲಿಯ ಸಂಬಂಧ? ಸಂಬಂಧವನ್ನು ಕಾನೂನೇ ತಂದಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಲ್ಲಿಸಿತು. ಕರ್ನಾಟಕ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಮಾಡಿತು. ತಮಿಳುನಾಡು, ಮಹಾರಾಷ್ಟ್ರಗಳ ತಿದ್ದುಪಡಿಗಳ ಜೊತೆಗೆ ಅದನ್ನೂ ಐವರು ನ್ಯಾಯಮೂರ್ತಿಗಳ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು. ಆದರೆ ಆ ರಕ್ಷಣೆ ಷರತ್ತಿನದು: ಪ್ರಾಣಿಗೆ ಹಿಂಸೆಯಾಗದಂತೆ, ನಿಯಮ ಪಾಲಿಸಿ ನಡೆಸಿದರೆ ಮಾತ್ರ. ನಿಯಮ ಪಾಲನೆ ಹಾದಿಬದಿಯ ಗದ್ದಲದಲ್ಲಿ ಕಾಣಿಸದು, ಅಳತೆ ಮಾಡಿದ ನೆಲದ ಮೇಲೆ ಕಾಣಿಸುತ್ತದೆ. ಶರ್ಯತ್ತು ಉಳಿಯಬೇಕೆನ್ನುವವರೇ ಅಂಗಣ ಕೇಳಬೇಕಾದದ್ದು ಈ ಕಾರಣಕ್ಕೆ.

ಕರಾವಳಿಯ ಕಂಬಳದವರು ಇದನ್ನು ಎಷ್ಟೋ ಮುಂಚೆ ಅರಿತಿದ್ದರು. ಕಂಬಳದ ಕರೆ ಎಂದರೆ ಪಕ್ಕಾ ಟ್ರ್ಯಾಕು. ಅದಕ್ಕೆ ಗಂತು ಎಂಬ ಆರಂಭದ ಜಾಗವುಂಟು, ಮಂಜೊಟ್ಟಿ ಎಂಬ ಮುಕ್ತಾಯವುಂಟು. ಮಂಜೊಟ್ಟಿ ಏರುಜಾಗ, ಕೆಸರಿನಿಂದ ಎದ್ದ ಕೋಣಗಳು ಆ ಏರು ಹತ್ತುತ್ತ ತಾವಾಗಿ ವೇಗ ಕಳೆದುಕೊಳ್ಳುತ್ತವೆ. ಯಾವ ಎಂಜಿನಿಯರನ ಪುಸ್ತಕವನ್ನೂ ಓದದೆ ಕಟ್ಟಿದ ರನ್-ಆಫ್ ಅದು. ಎರಡು ಜೋಡಿ ಒಂದನ್ನೊಂದು ತಾಗದಂತೆ ಜೋಡುಕರೆಗಳನ್ನು ಬೇರೆಬೇರೆ ಮಾಡಿದ್ದಾರೆ. 2020ರ ಫೆಬ್ರುವರಿ 1ರಂದು ಐಕಳದ ಕಂಬಳದಲ್ಲಿ ಕೋಣ ಓಡಿಸಿದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂದು ದೇಶವೇ ಮಾತಾಡಿಕೊಂಡಿತು. ಕರೆಯ ಉದ್ದ ಗೊತ್ತಿತ್ತು, ಹೊತ್ತು ಅಳೆಯಲು ವ್ಯವಸ್ಥೆ ಇತ್ತು, ಅದರಿಂದಲೇ ಆ ಮಾತು ಸಾಧ್ಯವಾಯಿತು. ನಮ್ಮ ಕಡೆಯ ಎಷ್ಟೋ ಗಟ್ಟಿ ಎತ್ತುಗಳ ಓಟ ಬರಿ ಬಾಯಿಮಾತಿನಲ್ಲಿ ಕರಗಿಹೋಗಿದೆ. ಪರಂಪರೆಯ ನೆಲವನ್ನು ಕಟ್ಟಿದರೆ ಅದರ ಜೀವ ಹೋಗುತ್ತದೆ ಎನ್ನುವವರು 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹೊಸದಾಗಿ ಕರೆ ಕಟ್ಟಿ ನಡೆಸಿದ ಕಂಬಳಕ್ಕೆ ಸೇರಿದ ಜನರನ್ನು ನೆನೆಯಬೇಕು. ಪುಣೆ ಕಡೆಯ ಎತ್ತಿನ ಓಟವೂ ಘಾಟ್ ಎಂದು ಕರೆಯುವ ಏರುನೆಲದಲ್ಲಿ, ಒಂದೊಂದೇ ಗಾಡಿಯನ್ನು ಸೆಕೆಂಡುಗಳಲ್ಲಿ ಅಳೆದು ನಡೆಯುತ್ತದೆ. ಏರು ಎತ್ತಿನ ವೇಗಕ್ಕೆ ತಾನೇ ಲಗಾಮು ಹಾಕುತ್ತದೆ.

ನಮ್ಮಲ್ಲಿ ಗಾಡಿಗಳು ದೂರ ಹೋಗಿ, ತಿರುಗಿ ಬರುವ ಓಟಗಳು ಹೆಚ್ಚು. ವಿನ್ಯಾಸದ ಕಣ್ಣಿಗೆ ಆ ತಿರುವೇ ಎಲ್ಲಕ್ಕಿಂತ ಅಪಾಯದ ಜಾಗ. ಒಳಮಗ್ಗುಲಿನ ಪ್ರಾಣಿ ತಡೆದು ನಿಲ್ಲಬೇಕು, ಹೊರಮಗ್ಗುಲಿನದು ಹೆಚ್ಚು ದೂರ ಓಡಬೇಕು, ನೊಗ ತಿರುಚುತ್ತದೆ, ಹಗುರ ಗಾಡಿ ಒಂದು ಚಕ್ರದ ಮೇಲೆ ಏಳುತ್ತದೆ. ಒಂದು ಕುದುರೆ-ಒಂದು ಎತ್ತಿನ ಗಾಡಿಯಲ್ಲಂತೂ ಎರಡರ ಓಟದ ಲಯವೇ ಬೇರೆ. ನೇರ ಹಾದಿ, ಕೊನೆಗೆ ಉದ್ದನೆಯ ಏರು ಎಂಬ ಸರಳ ನಕಾಶೆ ಈ ಅಪಾಯದ ಬಹುಪಾಲನ್ನು ಅಳಿಸುತ್ತದೆ.

ನೆಲ, ದುಡ್ಡು, ಸಾವು

ಎರಡನೇ ಆಕ್ಷೇಪ ಜಾಗದ್ದು. ನೀರಾವರಿ ಹೊಲಕ್ಕೆ ಬಂಗಾರದ ಬೆಲೆಯಿರುವಲ್ಲಿ ಆಟಕ್ಕೆ ಭೂಮಿ ಕೊಡುವವರು ಯಾರು? ಕೊಡಬೇಕಿಲ್ಲ, ಕೊಟ್ಟರೂ ಕೆಲಸಕ್ಕೆ ಬಾರದು. ನದಿದಂಡೆಯ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ನಿಲ್ಲುವುದಿಲ್ಲ. ನೆರೆಯ ಭಯ ಬೇರೆ, 2019ರ ಕೃಷ್ಣೆಯನ್ನು ಕಾಗವಾಡ, ಅಥಣಿ ಮರೆತಿಲ್ಲ. ಟ್ರ್ಯಾಕಿಗೆ ಬೇಕಾದದ್ದು ಬೆಳೆಗೆ ಒಗ್ಗದ ಮಡ್ಡಿ, ಗರಸು ನೆಲ. ಎಷ್ಟು ಬೇಕು? ಒಂದು ಕಿ.ಮೀ. ಉದ್ದ, 8 ಮೀಟರ್ ಅಗಲದ ಗೋ-ಕಾರ್ಟ್ ಹಾದಿ ಎಂದರೆ 8,000 ಚದರ ಮೀಟರ್, ಅಂದರೆ ಎರಡೇ ಎಕರೆ. ಅದನ್ನು ಸುತ್ತಿ ಮಡಚಿ, ನಡುವೆ ರನ್-ಆಫ್, ಬೇಲಿ, ಆಂಬುಲೆನ್ಸ್ ದಾರಿ ಬಿಟ್ಟರೂ ಹತ್ತು ಹನ್ನೆರಡು ಎಕರೆಯಲ್ಲಿ ಕೆಲಸ ಮುಗಿಯುತ್ತದೆ. ಬೈಕುಗಳ ಮಣ್ಣಿನ ಟ್ರ್ಯಾಕಿಗೆ ಡಾಂಬರೂ ಬೇಡ. ಗರಸು, ನೀರಿನ ಟ್ಯಾಂಕರು, ರೋಲರು ಸಾಕು.

ಶ್ರೀಮಂತರ ಆಟ ಎಂಬ ಮಾತಿನಲ್ಲಿ ನಿಜವಿದೆ. ಕಾರ್ಟಿಂಗ್ ಕೂಡ ಮೇಲ್ಮಟ್ಟಕ್ಕೆ ಹೋದಂತೆ ಲಕ್ಷಗಳನ್ನು ನುಂಗುತ್ತದೆ. ಆದರೆ ಓಟದ ಎತ್ತಿನ ಜೋಡಿಗೆ ಲಕ್ಷಗಟ್ಟಲೆ ಸುರಿಯುವ ಸೀಮೆಗೆ ಈ ಆಕ್ಷೇಪ ಎತ್ತುವ ಹಕ್ಕು ಸ್ವಲ್ಪ ಕಡಿಮೆ. ಮೇಲಾಗಿ ಇಲ್ಲಿ ಕೇಳುತ್ತಿರುವುದು ಚಾಂಪಿಯನ್ನರ ಕಾರ್ಖಾನೆಯನ್ನಲ್ಲ. ಮನೆಯ ನೂರೈವತ್ತು ಸಿಸಿ ಬೈಕನ್ನೇ ತಂದು, ಶುಲ್ಕ ಕಟ್ಟಿ, ಹೆಲ್ಮೆಟ್ ಹಾಕಿ ಓಡಿಸುವ ಜಾಗವನ್ನು. ಅದರಿಂದ ಹೆದ್ದಾರಿಯ ಪೈಪೋಟಿ ನಿಂತೇಹೋಗುತ್ತದೆಂದು ಹೇಳಿದರೆ ಉತ್ಪ್ರೇಕ್ಷೆ. ಬ್ರೇಕು ಎಲ್ಲಿ ಹಿಡಿಯಬೇಕೆಂಬುದನ್ನು ಕೆಲವು ಹುಡುಗರಾದರೂ ಬೀಳಬಹುದಾದ ಕಡೆ ಕಲಿಯುತ್ತಾರೆ ಎಂಬಷ್ಟು ಹೇಳಬಹುದು.

ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ಸಾವಿನದು. 2023ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲೇ ಎರಡು ಸಾವಾದವು. ಜನವರಿಯಲ್ಲಿ ಹಿರಿಯ ಸ್ಪರ್ಧಿ ಕೆ.ಇ. ಕುಮಾರ್, ಆಗಸ್ಟಿನಲ್ಲಿ ಬೆಂಗಳೂರಿನ 13 ವರ್ಷದ ಬಾಲಕ. ಅಷ್ಟು ಸಣ್ಣ ವಯಸ್ಸಿನ ಮಕ್ಕಳನ್ನು ದೊಡ್ಡ ಬೈಕುಗಳ ಮೇಲೆ ಓಡಿಸಬೇಕೆ ಎಂಬ ಪ್ರಶ್ನೆಗೆ ಅಂಗಣದ ಹೊಗಳಿಕೆ ಉತ್ತರವಾಗಲಾರದು, ವಯಸ್ಸಿನ ಕಟ್ಟುನಿಟ್ಟು ಬೇರೆಯಾಗಿಯೇ ಬೇಕು. ಆದರೂ ಒಂದನ್ನು ಗಮನಿಸಬೇಕು. ಎರಡೂ ಸಲ ಕೆಂಪು ಬಾವುಟ ಬಿತ್ತು, ವೈದ್ಯರು ಅಲ್ಲೇ ಇದ್ದರು, ಆ ದಿನದ ಉಳಿದ ಓಟಗಳು ರದ್ದಾದವು, ನೋಡಲು ಬಂದವರಲ್ಲಿ ಯಾರಿಗೂ ಗಾಯವಾಗಲಿಲ್ಲ. ಓಟದಲ್ಲಿ ಅಪಾಯ ಇದ್ದೇ ಇರುತ್ತದೆ. ಅದನ್ನು ಒಪ್ಪಿ ಇಳಿದವನ ಮಟ್ಟಿಗೆ ಅದು ನಿಲ್ಲುವಂತೆ ಮಾಡುವುದಷ್ಟೇ ವಿನ್ಯಾಸದ ಕೈಲಾಗುವುದು.

ನಡೆಸುವವರು ಯಾರು ಎಂಬುದಕ್ಕೆ ಮದ್ರಾಸಿನ ಕ್ಲಬ್ಬು, ಕರಾವಳಿಯ ಕಂಬಳ ಸಮಿತಿಗಳು ಮಾದರಿ. ಎರಡೂ ಸರಕಾರದ ಕೂಸುಗಳಲ್ಲ. ಓಟದ ಹುಚ್ಚಿರುವವರೇ ಕೂಡಿ ನಿಯಮ ಬರೆದುಕೊಂಡು, ವರ್ಷದ ವೇಳಾಪಟ್ಟಿ ಹಾಕಿಕೊಂಡು ನಡೆಸುವಂಥವು. ಸಕ್ಕರೆ ಕಾರ್ಖಾನೆಯನ್ನೂ ಪತ್ತಿನ ಸಂಘವನ್ನೂ ಸಹಕಾರದಲ್ಲಿ ಕಟ್ಟಿದ ಚಿಕ್ಕೋಡಿ ಸೀಮೆಗೆ ಇಂಥ ಸಂಘ ಕಟ್ಟುವುದು ಹೊಸ ವಿದ್ಯೆಯೇನಲ್ಲ. ಟ್ರ್ಯಾಕಿಗೆ ಕೆಲವು ವರ್ಷ ಹಿಡಿಯಬಹುದು. ಬರುವ ಸುಗ್ಗಿಯ ಶರ್ಯತ್ತಿಗೆ ಮಾತ್ರ ನಾಲ್ಕು ಕೆಲಸ ಈಗಲೇ ಆಗಬಲ್ಲವು: ಗಾಡಿಯ ಹಿಂದೆ ಬೈಕು ಬಿಡದಿರುವುದು, ಎರಡೂ ಬದಿಗೆ ಹಗ್ಗ ಕಟ್ಟಿ ಅದರಿಂದ ಹತ್ತು ಮೀಟರ್ ಹಿಂದೆ ಜನರನ್ನು ನಿಲ್ಲಿಸುವುದು, ಒಬ್ಬರಿಗೊಬ್ಬರು ಕಾಣುವಂತೆ ಬಾವುಟ ಹಿಡಿದವರನ್ನು ಇಡುವುದು, ಗುರಿಗೆರೆಯಾಚೆ ಕನಿಷ್ಠ ಇನ್ನೂರು ಮೀಟರನ್ನು ಖಾಲಿ ಬಿಡುವುದು. ಪಂಚಾಯಿತಿ, ಪೊಲೀಸರು ಅನುಮತಿ ಪತ್ರಕ್ಕೆ ಸಹಿ ಹಾಕುವ ಮೊದಲು ಮೈದಾನದ ಕೈನಕಾಶೆಯೊಂದನ್ನು ಕೇಳಿದರೆ ಈ ನಾಲ್ಕೂ ಅದರಲ್ಲಿ ಬಂದೇ ಬರುತ್ತವೆ.